ಕನ್ನಡಿ ಮುಂದ ಕೂತ್ರ ಕೈ ಓಡವಲ್ದು: ಮನಸ್ಸು ಮುರದಾಗ ಸ್ವಂತ ಮುಖ ಬರಿಯೋದು ಹೆಂಗ?

ಮಳೆಬಣ್ಣ, ಬೆಳಗಾವಿ

ಎಲ್ಲಾರಿಗೂ ನಮಸ್ಕಾರ. ನಾ ಇಲ್ಲಿ ಓದೋದು ಜಾಸ್ತಿ ಬರಿಯೋದು ಕಡಿಮಿ, ಆದ್ರ ಇವತ್ತ ಕೇಳಲೇಬೇಕು ಅನಿಸ್ತು. ತಿಲಕವಾಡಿ ಕಡೆ ಇರ್ತೀನಿ, ಸಾಲ್ಯಾಗ ಡ್ರಾಯಿಂಗ್ ಟೀಚರ್. ಹೋದ ವರ್ಷ ನನ್ನ ಮದುವಿ ಮುರೀತು, ಒಂಬತ್ತು ವರ್ಷದ ಸಂಸಾರ. ಯಾರದ್ದು ತಪ್ಪು ಅನ್ನೋದು ಇಲ್ಲಿ ಬ್ಯಾಡ. ನಾ ಕೇಳಬೇಕಂದಿದ್ದು ಚಿತ್ರದ ಬಗ್ಗೆ.

ಮನಿ ಬಿಟ್ಟು ತವರಿಗೆ ಬಂದಮ್ಯಾಲ ಏನೂ ಬರಿಯಾಕ ಆಗಲಿಲ್ಲ, ಆಮ್ಯಾಲ ಶ್ರಾವಣದಾಗ ಒಂದ್ಸಲ ಮಳಿ ಬಿಟ್ಟು ಬಿಟ್ಟು ಬರಾಕತ್ತಿತ್ತು, ಸಾಲಿಗೆ ರಜಾ ಇತ್ತು, ಅಟ್ಟದ ಮ್ಯಾಲಿನ ಹಳೇ ಕನ್ನಡಿ ಇಳಿಸಿ ಎದುರಿಗೆ ಇಟ್ಕೊಂಡು ನನ್ನ ಮುಖ ನಾನೇ ಬರಿಯೋಣು ಅಂತ ಕೂತೆ. ಅವ್ವಗ ಸೇರಲಿಲ್ಲ, ಸಂಜಿ ಹೊತ್ತು ಕನ್ನಡಿ ಮುಂದ ಕೂಡಬಾರದು ಅಂದ್ಲು, ಆ ಕನ್ನಡಿ ಒಂದು ಮೂಲಿಗೆ ಸೀಳ್ಯದ ಬ್ಯಾರೆ. ಆದ್ರೂ ಕೂತೆ. ಈಗ ನಾಕು ಕ್ಯಾನ್ವಾಸ್ ಆದವು, ನಾಕೂ ಗೋಡಿ ಕಡೆ ಮುಖ ಮಾಡಿ ನಿಲ್ಲಿಸೀನಿ. ಒಂದರಾಗ ಸಿನಿಮಾ ಪೋಸ್ಟರ್ ಒಳಗ ಅಳೋ ಹೀರೋಯಿನ್ ಥರ ಬಂದೀನಿ, ಒಂದರಾಗ ಆಧಾರ್ ಕಾರ್ಡ್ ಫೋಟೋ ಥರ. ಹೋಲಿಕಿ ಎಲ್ಲಾದ್ರಾಗೂ ಸರಿ ಐತಿ, ಮೂಗು ಕಣ್ಣು ಅಳತಿ ತಪ್ಪಿಲ್ಲ. ಆದ್ರ ನಾ ಪಟ್ಟಿದ್ದು ಒಂದರಾಗೂ ಇಲ್ಲ. ದುಃಖ ಬಂದ್ರ ಕಲಾವಿದರು ಭಾರಿ ಭಾರಿ ಚಿತ್ರ ತಗೀತಾರ ಅಂತ ಓದೀನಲ್ಲ, ನನಗ್ಯಾಕ ಬರವಲ್ದು? ತಿಳದವರು ಹೇಳ್ರಿ.

ನಿಂಬಿತ್ವಾಟ, ಇಂಡಿ

ಅಕ್ಕಾರ, ನಾ ಚಿತ್ರಗಾರ ಅಲ್ಲ, ನೋಡೋ ಹುಚ್ಚು ಅಷ್ಟ ಅದ ನನಗ. ಮೆಕ್ಸಿಕೋದ ಚಿತ್ರಗಾರ್ತಿ ಫ್ರೀಡಾ ಕಾಹ್ಲೋ ಹೆಸರು ನಿಮಗ ಗೊತ್ತೇ ಇರ್ತದ. ಆಕಿ ಡಿಯಾಗೋ ರಿವೇರಾನ್ನ 1929ರಾಗ ಮದುವಿ ಆಗಿದ್ಲು, ಆತ ದೊಡ್ಡ ಭಿತ್ತಿಚಿತ್ರಗಾರ, ಮಂದಿ ಹೆಂಗಸರ ಹಿಂದ ಹೋಗೋದು ಬಿಡಲಿಲ್ಲ, ಕಡೀಕ ಆಕಿ ಸ್ವಂತ ತಂಗಿ ಜೋಡಿನೂ ಸಂಬಂಧ ಇಟ್ಕೊಂಡ. 1939ರ ನವೆಂಬರ್‌ದಾಗ ಡೈವೋರ್ಸ್ ಆತು. ಅದೇ ವರ್ಷ ಆಕಿ ಬರದದ್ದು ‘ಇಬ್ಬರು ಫ್ರೀಡಾ’.

ಆ ಚಿತ್ರ ಒಮ್ಮೆ ಫೋನ್‌ದಾಗ ದೊಡ್ಡದು ಮಾಡ್ಕೊಂಡು ನೋಡ್ರಿ. ಒಂದೇ ಬೆಂಚ್ ಮ್ಯಾಲ ಇಬ್ಬರು ಕೂತಾರ, ಇಬ್ಬರೂ ಆಕಿನೇ. ಒಬ್ಬಾಕಿ ಬಿಳಿ ಲೇಸಿನ ಯುರೋಪಿಯನ್ ಗೌನ್, ಇನ್ನೊಬ್ಬಾಕಿ ಡಿಯಾಗೋಗ ಸೇರ್ತಿದ್ದ ಮೆಕ್ಸಿಕೋದ ದೇಸಿ ತೆಹುವಾನಾ ಉಡುಪು, ಅಂದ್ರ ನಮ್ಮಲ್ಲಿ ಒಬ್ಬಾಕಿ ಇಳಕಲ್ ಸೀರಿ ಖಣದ ಕುಪ್ಪಸ ಇನ್ನೊಬ್ಬಾಕಿ ಫ್ರಾಕ್ ಹಾಕ್ಕೊಂಡು ಕೂತಂಗ ತಿಳ್ಕೋರಿ. ಇಬ್ಬರ ಎದಿಯೊಳಗಿನ ಗುಂಡಿಗಿನೂ ಹೊರಗ ಕಾಣ್ತದ. ಒಂದು ನರ ಆ ಗುಂಡಿಗಿಯಿಂದ ಈ ಗುಂಡಿಗಿಗೆ ಹೋಗ್ಯದ. ತೆಹುವಾನಾದಾಕಿ ಕೈಯಾಗ ಡಿಯಾಗೋ ಸಣ್ಣಾಂವ ಇದ್ದಾಗಿನ ಪುಟ್ಟ ಪಟ ಅದ, ನರ ಸುರು ಆಗೋದು ಅಲ್ಲಿಂದನೇ. ಬಿಳಿ ಗೌನಿನಾಕಿ ಕೈಯಾಗ ಆಪರೇಷನ್ ಮಾಡೋ ಚಿಮಟಾ, ನರದ ತುದಿ ಒತ್ತಿ ಹಿಡದಾಳ, ಆದ್ರೂ ರಕ್ತ ಲಂಗದ ಮ್ಯಾಲ ತೊಟ್ಟಿಕ್ಕೇದ. ಹಿಂದ ಮೋಡ ಕಟ್ಟಿದ ಆಕಾಶ.

ಈಗ ಮುಖ ನೋಡ್ರಿ. ಇಬ್ಬರ ಮುಖದಾಗೂ ಒಂದು ಹನಿ ಕಣ್ಣೀರಿಲ್ಲ. ನಾ ಇದನ್ನ ಮೊದಲ ಸಲ ನೋಡಿದಾಗ ರಾತ್ರಿ ಒಂದು ಗಂಟಿ ಆಗಿತ್ತು, ತ್ವಾಟಕ್ಕ ಕರೆಂಟ್ ಬರೋದು ಕಾಯ್ಕೋತ ಕೂತಿದ್ದೆ, ಭಾಳ ಹೊತ್ತು ಸುಮ್ಮ ಕೂತುಬಿಟ್ಟೆ. ಎದಿ ಬಿಚ್ಚಿ ಇಟ್ಟಾಳ, ಮುಖ ಗಟ್ಟಿ ಇಟ್ಟಾಳ. ನಿಮ್ಮ ಮೊದಲನೇ ಕ್ಯಾನ್ವಾಸ್ ಸಿನಿಮಾ ಥರ ಆಗಿದ್ದಕ್ಕ ಕಾರಣ ಇಲ್ಲೇ ಇರಬೇಕು ಅನಸ್ತದ ನನಗ, ನೀವು ಎಲ್ಲಾ ಭಾರ ಮುಖದ ಮ್ಯಾಲನ ಹೊರಿಸೀರಿ.

ಇಳಕಲ್ ದಡಿ

ಒಂದು ಡೌಟ್ ಇದೆ, ತಪ್ಪು ತಿಳ್ಕೋಬೇಡ್ರಿ. ನಾನು ಬಿಎಫ್ಎ (ಚಿತ್ರಕಲೆ ಡಿಗ್ರಿ) ಎರಡನೇ ವರ್ಷ. ಕ್ಲಾಸ್‌ನಾಗ ಎಲ್ಲಾರೂ ಹೇಳ್ತಾರ, ನೋವಿಲ್ದೆ ಕಲೆ ಇಲ್ಲ, ನಿನಗಿನ್ನೂ ಪೆಟ್ಟು ಬಿದ್ದಿಲ್ಲ ಅದಕ್ಕೆ ನಿನ್ನ ಕೆಲಸ ಹಗುರ ಅಂತ. ನನ್ನ ಸೆಲ್ಫ್ ಪೋರ್ಟ್ರೇಟ್ ನೋಡಿ ಒಬ್ಬರು ಹಂಗೇ ಅಂದ್ರು. ಮನೆ ಚೆನ್ನಾಗಿದೆ, ಅಪ್ಪ ಅಮ್ಮ ಇಬ್ರೂ ಮಗ್ಗದ ಮ್ಯಾಲೆ ದುಡೀತಾರ, ಯಾರೂ ನನ್ನ ಬಿಟ್ಟು ಹೋಗಿಲ್ಲ. ಹಂಗಾದ್ರೆ ನಾನು ಏನು ಬರೀಬೇಕು? ಡಚ್ ಚಿತ್ರಕಾರ ವ್ಯಾನ್ ಗೋ ಕಿವಿ ಕೊಯ್ಕೊಂಡ ಅದಕ್ಕೇ ದೊಡ್ಡವನಾದ ಅನ್ನೋ ಥರ ಮಾತಾಡ್ತಾರ, ನನಗೆ ಹೆದರಿಕೆ ಆಗುತ್ತೆ ಕೇಳಿದ್ರೆ.

ಖಾನಾಪುರ ರಸ್ತಾ, ಬೆಳಗಾವಿ

ತಮ್ಮಾ, ಆ ಮಾತು ತಲಿಯಿಂದ ತಗಿ ಮೊದಲ. ನನಗ ಅರವತ್ತೆಂಟು ವಯಸ್ಸು, ನಲವತ್ತು ವರ್ಷ ಪೋರ್ಟ್ರೇಟ್ ಬರದು ಹೊಟ್ಟಿ ತುಂಬಿಸ್ಕೊಂಡೀನಿ, ನಾ ಹೇಳ್ತೀನಿ ಕೇಳು.

ವ್ಯಾನ್ ಗೋ ಕಿವಿ ಕೊಯ್ಕೊಂಡಿದ್ದು 1888ರ ಡಿಸೆಂಬರ್ 23ರ ರಾತ್ರಿ, ಫ್ರಾನ್ಸಿನ ಆರ್ಲ್ ಊರಾಗ, ಗೆಳೆಯ ಚಿತ್ರಗಾರ ಗೊಗ್ಯಾಂ ಜೋಡಿ ಜಗಳ ಆದಮ್ಯಾಲ. ಬ್ಯಾಂಡೇಜ್ ಕಟ್ಕೊಂಡ ಚಿತ್ರ ಆ ರಾತ್ರಿ ಬರದದ್ದಲ್ಲ. ದವಾಖಾನಿಯಿಂದ ಜನವರಿ 7ಕ್ಕ ಬಿಟ್ರು, ಚಿತ್ರ ಆದದ್ದು ಆಮ್ಯಾಲ ಅದೇ ಜನವರಿಯೊಳಗ. ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯೊಳಗ ಐತಿ ಅದು. ಚಳಿಗೆ ಕೋಟು, ತಲಿಗೆ ತುಪ್ಪಳದ ಟೋಪಿಗಿ, ಹಿಂದ ಗೋಡಿಗೆ ಒಂದು ಜಪಾನಿ ಪ್ರಿಂಟು, ಪಕ್ಕಕ್ಕ ಕ್ಯಾನ್ವಾಸ್ ನಿಲ್ಲಿಸೋ ಈಸಲ್. ಅಂದ್ರ ನಾ ಮತ್ತ ಕೆಲಸಕ್ಕ ಬಂದೀನಿ ಅಂತ ಹೇಳೋ ಚಿತ್ರ ಅದು. ಇನ್ನೊಂದು ಮಾತು, ಆತ ಕೊಯ್ಕೊಂಡಿದ್ದು ಎಡಗಿವಿ, ಚಿತ್ರದಾಗ ಬ್ಯಾಂಡೇಜ್ ಬಲಗಿವಿಗೆ ಕಾಣ್ತೈತಿ. ಯಾಕಂದ್ರ ಕನ್ನಡಿ ನೋಡಿ ಬರದಾನ, ಕನ್ನಡಿ ಏನ ತೋರಿಸಿತೋ ಅದನ್ನ ಬರದಾನ. ಅಷ್ಟು ದೊಡ್ಡ ಪೆಟ್ಟು ತಿಂದು ಮೂರು ನಾಕು ವಾರದೊಳಗ ಕನ್ನಡಿಗೆ ಮೋಸ ಮಾಡದಂಗ ಕೂತು ನೋಡ್ಯಾನಲ್ಲ, ಅದಕ್ಕ ಕೈ ಮುಗೀಬೇಕು, ಕಿವಿ ಕೊಯ್ಕೊಂಡಿದ್ದಕ್ಕಲ್ಲ.

ನಮ್ಮ ಬೆಳಗಾವಿಯೊಳಗ ಕೆ.ಬಿ. ಕುಲಕರ್ಣಿ ಸರ್ ಒಂದು ಪರಂಪರಿನೇ ಕಟ್ಟಿಕೊಟ್ರು, ಎದುರಿಗೆ ಮಂದಿನ ಕೂಡಿಸಿ ಮುಖ ಬರಿಯೋದು. ರವಿ ಪರಾಂಜಪೆ ಅಂಥಾವ್ರು ಅವರ ಕೈಯಾಗ ಕಲತು ಹೊರಗ ಹೆಸರು ಮಾಡಿದ್ರು. ನಾ ಅವರ ನೇರ ಶಿಷ್ಯ ಅಲ್ಲ, ಆದ್ರ ಆ ಗಾಳಿ ಕುಡದೇ ಬೆಳದಾಂವ. ಎದುರಿಗೆ ಕೂತಾವನ ಮನಸ್ಸಿನಾಗ ಏನೈತಿ ಅಂತ ಹುಡಕಾಕ ಹೋಗಬ್ಯಾಡ, ಬೆಳಕು ಗಲ್ಲದ ಮ್ಯಾಲ ಎಲ್ಲಿ ತಿರುಗತೈತಿ ನೋಡು, ಮನಸ್ಸು ತಾನ ಬರ್ತೈತಿ ಅಂತ ನಮಗ ಕಲಿಸಿದವರು ಹೇಳ್ತಿದ್ರು.

ತಂಗೀ ಮಳೆಬಣ್ಣ, ನಿನಗ ಒಂದೇ ಪ್ರಶ್ನಿ. ಆ ನಾಕೂ ಕ್ಯಾನ್ವಾಸ್ ಹೊರಳಿಸಿ ಸಾಲಾಗಿ ಇಡು. ನಾಕರಾಗೂ ನೀ ಏನ ಬರದಿಲ್ಲ? ಬರದದ್ದು ನೋಡಬ್ಯಾಡ. ಕಣ್ಣಿಗೆ ಕಂಡೂ ಕೈ ಬಿಟ್ಟದ್ದು ಏನು, ಅದನ್ನ ಹುಡುಕು.

ಗೋಡೆಬರಹ, ಬಾಗಲಕೋಟೆ

ಈ ಪ್ರಶ್ನಿ ಓದಿ ನಮ್ಮಪ್ಪನ ಕಥಿ ಹೇಳಬೇಕನಿಸ್ತು.

ನಮ್ಮಪ್ಪ ಪೇಂಟರ್. ಅಂಗಡಿ ಬೋರ್ಡ್, ಲಾರಿ ಹಿಂದಿನ ಹುಲಿ ನವಿಲು, ಎಲೆಕ್ಷನ್ ಬಂತಂದ್ರ ಗೋಡಿ ಗೋಡಿಗೆ ಚಿಹ್ನಿ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟಿಯೊಳಗ ನಮ್ಮ ಓಣಿ ಖಾಲಿ ಮಾಡಿಸಿದ್ರು, ನಾವು ನವನಗರಕ್ಕ ಬಂದ್ವಿ. ಅದರ ಹಿಂದಿಂದ ಫ್ಲೆಕ್ಸ್ ಬಂತು, ಕೈಬರಹ ಬೋರ್ಡ್ ಕೇಳವ್ರು ಇಲ್ಲಂಗ ಆತು. ಅದೇ ಟೈಮಿಗೆ ನಮ್ಮವ್ವನೂ ತೀರಿಕೊಂಡ್ಲು. ಎರಡ ವರ್ಷದೊಳಗ ಅಪ್ಪನ ಕೈಯಿಂದ ಮನಿ ಹೋತು, ಕಸುಬ ಹೋತು, ಹೇಂತಿ ಹೋದ್ಲು. ಮಾತಾಡೋದ ಬಿಟ್ಟಿದ್ದ.

ಹಳೇ ಮನಿ ಬಿಚ್ಚಿದಾಗ ಸಾಗವಾನಿ ಬಾಗಲ ಒಂದು ತಂದಿದ್ವಿ, ಹಿತ್ತಲದಾಗ ಒರಗಿಸಿ ಇಟ್ಟಿದ್ವಿ. ಒಂದ ದಿನ ನೋಡ್ತೀನಿ, ಅಪ್ಪ ಆ ಬಾಗಲದ ಒಳಮೈಗೆ ಉಳದ ಎನಾಮಲ್ ಬಣ್ಣದಾಗ ತನ್ನ ಚಿತ್ರ ತಗಿಯಾಕತ್ಯಾನ. ಕನ್ನಡಿ ಅಂದ್ರ ಕಟಿಂಗ್ ಶಾಪಿನಂಥ ಸಣ್ಣ ಕನ್ನಡಿ, ಎಡಗೈಯಾಗ ಹಿಡ್ಕೊಂಡು. ಮುಖ ಅಷ್ಟೇನ್ ಹೋಲಂಗಿಲ್ಲ ಖರೇ ಹೇಳ್ಬೇಕಂದ್ರ, ಬೋರ್ಡ್ ಬರಿಯಾವ್ನ ಕೈ, ಗೆರಿ ದಪ್ಪ. ಆದ್ರ ಹೆಗಲಿಗೆ ಏಣಿ ಹೊತ್ಕೊಂಡಾನ, ಏಣಿಗೆ ಬಣ್ಣದ ಡಬ್ಬಿ ತೂಗಬಿದ್ದಾವ, ಡಬ್ಬಿ ಎಲ್ಲಾ ಬೋರಲ ಆಗ್ಯಾವ, ಒಂದರಾಗಿಂದನೂ ಬಣ್ಣ ಸೋರಾಕತ್ತಿಲ್ಲ. ಖಾಲಿ. ಕಾಲು ಮೊಣಕಾಲ ತನಕ ನೀರಾಗ.

ಅಪ್ಪ ಫ್ರೀಡಾನ ಹೆಸರು ಕೇಳಿದಾಂವ ಅಲ್ಲ. ಆ ಬಾಗಲ ಈಗೂ ನಮ್ಮ ಪಡಸಾಲಿಯೊಳಗ ಐತಿ. ಅವ್ವನ ಎಲ್ಲೂ ಬರದಿಲ್ಲ ಅದ್ರಾಗ, ನಾ ಕೇಳಿದ್ದೆ ಯಾಕಪಾ ಅಂತ, ಬಾಗಲದ ಹಿಂದ ಅದಾಳ ಅಂದ. ನಾ ಮತ್ತೇನೂ ಕೇಳಲಿಲ್ಲ.

ನಿಂಬಿತ್ವಾಟ, ಇಂಡಿ

ಗೋಡೆಬರಹ ಅಣ್ಣಾ, ಕಣ್ಣು ತುಂಬಿ ಬಂತು ಓದಿ. ಆ ಬಾಗಲ ಜ್ವಾಕಿ ಮಾಡ್ರಿ, ಒಂದು ಛಲೋ ಫೋಟೋ ತಗಸಿ ಇಟ್ಕೋರಿ, ಎನಾಮಲ್ ಬಿಸಲಿಗೆ ಸೆಟೆದು ಏಳ್ತದ.

ಫ್ರೀಡಾನ ಹೆಸರು ಮತ್ತ ಬಂತಲ್ಲ, ಇನ್ನೊಂದು ಹೇಳ್ತೀನಿ. ಫ್ರೀಡಾ 1925ರ ಸೆಪ್ಟೆಂಬರ್ 17ಕ್ಕ ಬಸ್ ಅಪಘಾತದಾಗ ಸಿಕ್ಕಾಕಿ, ಬೆನ್ನೆಲುಬು, ಕಾಲು, ಸೊಂಟ ಎಲ್ಲಾ ಮುರದಿತ್ತು. ಹಾಸಗಿ ಮ್ಯಾಲ ಮಲಗಿದಾಕಿಗೆ ಬರಿಯಾಕ ಬರೋ ಹಂಗ ಒಂದು ಈಸಲ್ ಮಾಡಿಸಿದ್ರು, ಮಂಚದ ಮ್ಯಾಲಿನ ಚಪ್ಪರಕ್ಕ ಕನ್ನಡಿ ಕೂಡಿಸಿದ್ರು. ಕಣ್ಣು ತೆರದ್ರ ತನ್ನ ಮುಖನೇ. ಆಕಿ ಮಾಡಿದ ಸುಮಾರು 140 ಚಿತ್ರದಾಗ 55ರಷ್ಟು ಸ್ವಂತದ ಮುಖವೇ ಅವ. ಅಂದ್ರ ಡೈವೋರ್ಸ್ ಆಗೋ ಹೊತ್ತಿಗೆ ಆಕಿ ಹದಿಮೂರು ಹದಿನಾಲ್ಕು ವರ್ಷ ತನ್ನ ಮುಖ ಓದಿದ್ಲು, ಯಾವ ಗೆರಿ ಎಲ್ಲಿ ಹೋಗ್ತದ ಬಾಯಿಪಾಠ ಇತ್ತು. ಎದಿ ಒಡದಾಗ ಕೈ ನಡುಗಲಿಲ್ಲ ಅಂದ್ರ ಅದಕ್ಕ. ಮಳೆಬಣ್ಣ ಅಕ್ಕಾರು ಸುರು ಮಾಡಿ ಎಷ್ಟ ದಿನ ಆತು? ಶ್ರಾವಣದಿಂದ ಇಲ್ಲೀತನಕ. ನಿಮ್ಮ ಮ್ಯಾಲ ನೀವೇ ಇಷ್ಟು ಸಿಟ್ಟು ಮಾಡ್ಕೋಬ್ಯಾಡ್ರಿ.

ಇನ್ನೊಂದು ನನಗ ಭಾಳ ವಿಚಾರಕ್ಕ ಹಚ್ಚಿದ್ದು ಅಳತಿ. ಆಕಿ ಭಾಳಷ್ಟು ಚಿತ್ರ ಸಣ್ಣವು. 1932ರಾಗ ಡೆಟ್ರಾಯಿಟ್‌ನಾಗ ಗರ್ಭ ಹೋದಾಗ ಬರದ ಚಿತ್ರ ಒಂದು ಗೇಣು ಚಿಲ್ರಿ ಅಗಲ ಅಷ್ಟ, ತಗಡಿನ ಮ್ಯಾಲ, ಅಲ್ಲಿ ಮಂದಿ ಹರಕಿ ತೀರಿಸಾಕ ಗುಡಿಗೆ ಕೊಡೋ ತಗಡಿನ ಚಿತ್ರದ ಥರ. ನಮ್ಮಲ್ಲಿ ದೇವರಿಗೆ ಬೆಳ್ಳಿ ಕಣ್ಣು ಬೆಳ್ಳಿ ಕೈ ಹರಕಿ ಹೊತ್ತು ಕೊಡ್ತೀವಲ್ಲ, ಅಂಥದೇ ಭಾವ. ಆದ್ರ ‘ಇಬ್ಬರು ಫ್ರೀಡಾ’ ಐದೂಮುಕ್ಕಾಲು ಫೂಟು ಉದ್ದ, ಅಷ್ಟೇ ಅಗಲ. ಆಳೆತ್ತರ. ಗಂಡ ಗೋಡಿ ತುಂಬ ಬರಿಯಾಂವ, ಇಕಿ ಗೇಣಿನಷ್ಟು ಬರಿಯಾಕಿ, ಆತನ್ನ ಬಿಟ್ಟ ವರ್ಷ ಇಕಿ ಗೋಡಿ ಅಳತಿಗೆ ಎದ್ದು ನಿಂತ್ಲು ಅಂತ ನಾ ಓದ್ತೀನಿ. ಇದು ನನ್ನ ಓದು, ಯಾರೂ ಹಿಂಗ ಓದಬೇಕಂತಿಲ್ಲ.

ಮಲಪ್ರಭೆ ದಂಡೆ, ಬಾದಾಮಿ ತಾಲ್ಲೂಕು

ಎಲ್ಲರೂ ಚಿತ್ರದ ಬಗ್ಗೆ ಮಾತಾಡ್ತಿದ್ದೀರಿ, ಸ್ವಲ್ಪ ಬೇರೆ ಮಾತು. ನಾನು ನರ್ಸ್ ಆಗಿ ಕೆಲಸ ಮಾಡ್ತೀನಿ. ಮಳೆಬಣ್ಣ ಅವ್ರೆ, ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ? ಇಲ್ಲ ಅಂದ್ರೆ ಒಮ್ಮೆ ಡಾಕ್ಟರ್ ಹತ್ರ ಹೋಗಿ ಬನ್ನಿ, ಅದ್ರಿಂದ ಕಲೆ ಹೋಗಿಬಿಡುತ್ತೆ ಅನ್ನೋ ಭಯ ಬೇಡ. ನನ್ನ ತಂಗಿಗೆ ಹಾಗೇ ಭಯ ಇತ್ತು, ಮಾತ್ರೆ ತಗೊಂಡ್ರೆ ಕವಿತೆ ಹೋಗುತ್ತೆ ಅಂತ ಎರಡು ವರ್ಷ ಸುಮ್ಮನೆ ಒದ್ದಾಡಿದಳು. ಈಗ ಚೆನ್ನಾಗಿದಾಳೆ, ಬರೀತಾ ಇದಾಳೆ.

ನಾರ್ವೆಯ ಚಿತ್ರಕಾರ ಮುಂಕ್ ಬಗ್ಗೆ ಇಲ್ಲಿ ಯಾರಾದ್ರೂ ಹೇಳ್ತಾರೆ ಅಂದ್ಕೊಂಡಿದ್ದೆ. ಟುಲ್ಲಾ ಲಾರ್ಸೆನ್ ಅನ್ನೋಳ ಜೊತೆ ಅವನ ಪ್ರೀತಿ 1902ರಲ್ಲಿ ಪಿಸ್ತೂಲಿನ ತನಕ ಹೋಯ್ತು, ಜಗಳದಲ್ಲಿ ಗುಂಡು ಹಾರಿ ಅವನ ಎಡಗೈ ಬೆರಳಿಗೆ ಬಿತ್ತು. ಮರುವರ್ಷ ಅವನು ‘ನರಕದಲ್ಲಿ ನಾನು’ ಅಂತ ಬರೆದ, ಬರಿ ಮೈ, ಹಿಂದೆ ಬೆಂಕಿ ಬಣ್ಣ, ದೊಡ್ಡ ಕಪ್ಪು ನೆರಳು. ಇಬ್ಬರೂ ಒಟ್ಟಿಗಿದ್ದ ಒಂದು ಕ್ಯಾನ್ವಾಸ್ ಇತ್ತು, ಅದನ್ನ ನಡುವೆ ಗರಗಸದಲ್ಲಿ ಕೊಯ್ದು ಎರಡು ಮಾಡಿಬಿಟ್ಟ. 1908ರಲ್ಲಿ ಕುಡಿತ, ಭ್ರಮೆ ಎಲ್ಲಾ ಸೇರಿ ಕುಸಿದು ಬಿದ್ದ, ಕೋಪನ್‌ಹೇಗನ್‌ನಲ್ಲಿ ಡಾಕ್ಟರ್ ಯಾಕೋಬ್ಸನ್ ಅವರ ಕ್ಲಿನಿಕ್‌ನಲ್ಲಿ ತಿಂಗಳುಗಟ್ಟಲೆ ಇದ್ದ. ಅಲ್ಲೇ ಇದ್ದಾಗ 1909ರಲ್ಲಿ ತನ್ನ ಚಿತ್ರ ಬರೆದಿದ್ದಾನೆ, ಬಣ್ಣ ಎಷ್ಟು ತಿಳಿಯಾಗಿದೆ ಅಂದ್ರೆ ಅದೇ ಮನುಷ್ಯನಾ ಅನ್ಸುತ್ತೆ. ಕುರ್ಚಿ ಮೇಲೆ ನೆಟ್ಟಗೆ ಕೂತಿದಾನೆ. ಆಮೇಲೆ 35 ವರ್ಷ ಬದುಕಿದ, ಬರೆದ. ಕೊನೆಕೊನೆಗೆ 1940ರ ದಶಕದಲ್ಲಿ ಗಡಿಯಾರಕ್ಕೂ ಮಂಚಕ್ಕೂ ನಡುವೆ ನಿಂತ ಮುದುಕನಾಗಿ ತನ್ನನ್ನ ಬರ್ಕೊಂಡಿದಾನೆ, ಆ ಗಡಿಯಾರಕ್ಕೆ ಮುಳ್ಳೇ ಇಲ್ಲ. ನರಕದ ಚಿತ್ರಕ್ಕಿಂತ ಇದೇ ನನಗೆ ಆಳಕ್ಕೆ ಇಳಿಯುತ್ತೆ. ವಾಸಿ ಆದಮೇಲೆ ಬರೆದದ್ದು ಇದು.

ಇಳಕಲ್ ದಡಿ

ಥ್ಯಾಂಕ್ಸ್ ಎಲ್ಲಾರಿಗೂ. ಖಾನಾಪುರ ರಸ್ತಾ ಸರ್, ನಿಮ್ಮ ಮಾತು ಪ್ರಿಂಟ್ ತೆಗೆದು ರೂಮಿನಾಗ ಅಂಟಿಸ್ತೀನಿ. ಒಂದು ಕೇಳ್ಲಾ, ದುಃಖ ಇದ್ದಾಗ ದುಃಖಾನೇ ತೋರಿಸ್ಬೇಕಾ ಚಿತ್ರದಾಗ? ಬೇರೆ ಥರ ತೋರಿಸಿದವರು ಇದಾರ?

ಖಾನಾಪುರ ರಸ್ತಾ, ಬೆಳಗಾವಿ

ಅದಾರಲ್ಲ. ಹಾಲೆಂಡಿನ ಚಿತ್ರಗಾರ ರೆಂಬ್ರಾಂಟ್. ಹೇಂತಿ ಸಾಸ್ಕಿಯಾ 1642ರಾಗ ಹೋದ್ಲು, 1656ರಾಗ ದಿವಾಳಿ ಎದ್ದ, ಮನಿ ಸಾಮಾನೆಲ್ಲಾ ಲಿಲಾವಿಗೆ ಹೋದವು. 1658ರಾಗ ತನ್ನ ಮುಖ ಬರದಾನ, ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಾಗ ಐತಿ. ಬಂಗಾರ ಬಣ್ಣದ ಅಂಗಿ, ಕೈಯಾಗ ಬೆಳ್ಳಿ ಹಿಡಿಕಿ ಬೆತ್ತ, ಸಿಂಹಾಸನದ ಮ್ಯಾಲ ಅರಸ ಕೂತಂಗ ಕೂತಾನ. ಕಿಸೆದಾಗ ದುಡ್ಡಿಲ್ಲ! ಆದ್ರ ಮುಖದ ಚರ್ಮ ನೋಡು, ಕಣ್ಣ ಕೆಳಗಿನ ಚೀಲ, ಮೂಗಿನ ಮ್ಯಾಲಿನ ಗಂಟು, ಒಂದೂ ಮುಚ್ಚಿಟ್ಟಿಲ್ಲ. ಅಂಗಿ ಅರಸಂದು, ಚರ್ಮ ದಿವಾಳಿ ಎದ್ದಾವಂದು. ನಾ ಈ ಚಿತ್ರದ ಒಂದು ಛಲೋ ಪ್ರಿಂಟ್ ಮೂವತ್ತು ವರ್ಷದಿಂದ ನೋಡಾಕತ್ತೀನಿ, ಇನ್ನೂ ಮುಗಿದಿಲ್ಲ.

ಗುಮ್ಮಟದ ನೆರಳು, ವಿಜಯಪುರ

ನಮ್ಮ ಊರಿನ ಸಂಬಂಧದ ಒಂದು ಚಿತ್ರ ನೆನಪಿಗೆ ಬಂತು. ಫರ್ರುಖ್ ಬೇಗ್ ಅಂತ ಚಿತ್ರಗಾರ, ಅಕ್ಬರನ ಕಡೆ ಇದ್ದಾಂವ, ನಡುವ ಕೆಲವು ವರ್ಷ ನಮ್ಮ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಾಗ ಬಿಜಾಪುರದಾಗ ಕೆಲಸ ಮಾಡ್ಯಾನ ಅಂತ ಭಾಳ ಮಂದಿ ವಿದ್ವಾಂಸರ ಅಭಿಪ್ರಾಯ ಅದ. ಆಮ್ಯಾಲ ಜಹಾಂಗೀರನ ಕಡೆ ಹೋದ. 1615ರ ಸುಮಾರಿಗೆ ಒಂದು ಚಿತ್ರ ಮಾಡಿದ, ಮುದಿ ಸೂಫಿ ಒಬ್ಬ ಗಿಡದ ಕೆಳಗ ಕುರ್ಚಿಯಾಗ ಕುಸದು ಕೂತಾನ. ಯುರೋಪಿನಿಂದ ಬಂದ ಒಂದು ಅಚ್ಚಿನ ಚಿತ್ರ ನೋಡಿ ಮಾಡಿದ್ದು, ಆ ಮೂಲ ಚಿತ್ರದ ವಸ್ತುನೇ ದುಃಖ, ವಿಷಾದ. ಆತ ಅದರ ಮ್ಯಾಲ ತನ್ನ ವಯಸ್ಸು ಎಪ್ಪತ್ತು ಅಂತ ನಮೂದು ಮಾಡ್ಯಾನ.

ಈಗ ಹೇಳ್ರಿ, ಇದು ಸ್ವಚಿತ್ರ ಹೌದೋ ಅಲ್ಲೋ? ಮುಖ ಆತಂದು ಅಂತ ನಾ ಹೇಳಂಗಿಲ್ಲ. ಆದ್ರ ಯಾರೋ ಬರದ ದುಃಖದ ಮುದುಕನ್ನ ಎದುರಿಗೆ ಇಟ್ಕೊಂಡು, ಅದ್ರಾಗ ತನ್ನ ವಯಸ್ಸು ಬರೀತಾನ ಅಂದ್ರ ಎದಿಯೊಳಗ ಏನೋ ಇತ್ತು. ಕನ್ನಡಿ ಇಲ್ದನೂ ತನ್ನನ್ನ ಬರಿಯಾಕ ಬರ್ತದ ಅಂತ ನಂಗನಸ್ತದ. ಬಾರಾ ಕಮಾನ್ ಹಾದು ಹೋಗೋವಾಗ ಒಮ್ಮೊಮ್ಮೆ ಈ ಮನುಷ್ಯನ ನೆನಪಾಗ್ತದ ನನಗ.

ಮಳೆಬಣ್ಣ, ಬೆಳಗಾವಿ

ನಾಕು ದಿನ ಬರಲಿಲ್ಲ, ಕ್ಷಮಿಸ್ರಿ, ಸಾಲ್ಯಾಗ ಪರೀಕ್ಷಾ ಇತ್ತು. ಎಲ್ಲಾ ಓದೀನಿ, ಎರಡೆರಡು ಸಲ ಓದೀನಿ. ಬಾಗಲದ ಕಥಿ ಅವ್ವಗೂ ಓದಿ ಹೇಳಿದೆ.

ಮಲಪ್ರಭೆ ಅವ್ರ, ನಿದ್ದಿ ಬರ್ತೈತಿ ಈಗ, ಮದ್ಲ ಬರ್ತಿದ್ದಿಲ್ಲ. ಡಾಕ್ಟರ್ ಕಡೆ ಹೋಗಿ ಬಂದೀನಿ ದೀಪಾವಳಿ ಮುಂದ. ಕೇಳಿದ್ದಕ್ಕ ಭಾಳ ಛಲೋ ಅನಿಸ್ತು.

ಸರ್, ನೀವು ಹೇಳಿದಂಗ ನಾಕೂ ಹೊರಳಿಸಿ ಇಟ್ಟೆ. ಮದ್ಲ ಏನೂ ತಿಳೀಲಿಲ್ಲ. ಆಮ್ಯಾಲ ಕನ್ನಡಿ ಮುಂದ ಕೂತು ಒಂದೊಂದ ನೋಡ್ಕೋತ ಬಂದೆ, ಹಣಿ, ಕಣ್ಣು, ಗಲ್ಲ, ಕೊರಳು. ಕೊರಳಿಗೆ ಬಂದಾಗ ಸಿಕ್ತು. ಒಂಬತ್ತು ವರ್ಷ ಗುಳದಾಳಿ (ತಾಳಿ ಸರ) ಹಾಕ್ಕೊಂಡಿದ್ದೆ, ಬಿಸಲಾಗ ಓಡ್ಯಾಡಿ ಮೈ ಕಪ್ಪಾದ್ರೂ ಸರದ ಕೆಳಗಿನ ಚರ್ಮ ಬೆಳ್ಳಗ ಉಳದೈತಿ, ಕೊರಳ ಸುತ್ತ ಸಣ್ಣ ಗೆರಿ ಥರ. ದಿನಾ ಕನ್ನಡಿಯಾಗ ಕಾಣ್ತೈತಿ. ನಾಕು ಕ್ಯಾನ್ವಾಸ್‌ನಾಗೂ ಅದರ ಮ್ಯಾಲ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಕಲಿಸಿ ಚರ್ಮದ ಬಣ್ಣ ಒಂದೇ ಸಮ ಬಳದೀನಿ. ಗೊತ್ತಿದ್ದು ಮಾಡಿದ್ದಲ್ಲ. ಕೈ ತಾನ ಮುಚ್ಚಿ ಬಿಟ್ಟೈತಿ.

ಭಾಳ ಅತ್ತೆ ಆವತ್ತು. ಚಿತ್ರ ಮಾಡಲಿಲ್ಲ. ಮರುದಿನ ಐದನೇದು ಸುರು ಮಾಡೀನಿ.

ಇಳಕಲ್ ದಡಿ

ಅಕ್ಕಾ 🙏 ಮೈ ಜುಂ ಅಂತು.

ಚನ್ನಮ್ಮನ ಹಾದಿ, ಕಿತ್ತೂರು

ಮಳೆಬಣ್ಣ, ನಿಮ್ಮ ಧೈರ್ಯಕ್ಕ ಶರಣು. ಆದ್ರ ಒಂದು ಮಾತು ಹೇಳಲೇಬೇಕು, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದನ್ನ ಪ್ರದರ್ಶನಕ್ಕ ಇಡ್ತೀರೇನು? ನಮ್ಮ ಊರು ಸಣ್ಣವು. ನಾ ಎಂಟು ವರ್ಷದ ಹಿಂದ ನನ್ನ ತ್ರಾಸಿನ ಬಗ್ಗೆ ಒಂದು ಚಿತ್ರ ಮಾಡಿ ಒಂದು ಗ್ರೂಪ್ ಶೋದಾಗ ಇಟ್ಟಿದ್ದೆ. ನೋಡಿದವ್ರು ಚಿತ್ರ ಮಾತಾಡಲಿಲ್ಲ, ಗಂಡ ಏನ ಮಾಡಿದ್ದ, ಅತ್ತಿ ಹೆಂಗಿದ್ಲು, ಕೇಸ್ ಎಲ್ಲಿಗೆ ಬಂತು ಅಂತ ಕೇಳಿದ್ರು. ಸಂಬಂಧಿಕರು ಫೋಟೋ ಹೊಡದು ಊರೆಲ್ಲಾ ಕಳಿಸಿದ್ರು. ಮನಿ ಮಾತು ಅಂಗಳಕ್ಕ ತಂದ್ಲು ಅಂದ್ರು. ನಾ ಆಮ್ಯಾಲ ಮೂರು ವರ್ಷ ಬರೀ ಹೂಕುಂಡಾನೇ ಬರದೆ. ಚಿತ್ರ ಮಾಡೋದು ಬ್ಯಾರೆ, ತೋರಿಸೋದು ಬ್ಯಾರೆ. ಎರಡನ್ನೂ ಒಂದೇ ದಿನ ತೀರ್ಮಾನ ಮಾಡಬ್ಯಾಡ್ರಿ ಅಂತ ನಿಮ್ಮ ಅಕ್ಕನಂಗ ಹೇಳ್ತೀನಿ.

ನಿಂಬಿತ್ವಾಟ, ಇಂಡಿ

ಚನ್ನಮ್ಮನ ಹಾದಿ ಅಕ್ಕಾರ ನೋವು ಖರೇ. ಆದ್ರ ನಾ ಸ್ವಲ್ಪ ಒಪ್ಪಂಗಿಲ್ಲ. ಫ್ರೀಡಾ 1940ರಾಗ ಇನ್ನೊಂದು ಮಾಡಿದ್ಲು, ಕೂದಲ ಕತ್ತರಿಸಿಕೊಂಡದ್ದು. ಈಗ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂದಾಗ ಅದ. ಗಂಡಸರ ದೊಗಳಿ ಸೂಟ್ ಹಾಕ್ಕೊಂಡು ಹಳದಿ ಕುರ್ಚಿ ಮ್ಯಾಲ ಕೂತಾಳ, ಕೈಯಾಗ ಕತ್ತರಿ, ನೆಲದ ತುಂಬ ಕೂದಲ ಹಾವಿನಂಗ ಬಿದ್ದಾವ. ಮ್ಯಾಲ ಒಂದು ಜನಪದ ಹಾಡಿನ ಸಾಲು ಬರದಾಳ, ನಿನ್ನ ಕೂದಲಕ್ಕ ಮನಸೋತಿದ್ದೆ, ಈಗ ಕೂದಲಿಲ್ಲ, ನೀನೂ ಬ್ಯಾಡ ಅನ್ನೋ ಅರ್ಥದ್ದು. ಡಿಯಾಗೋಗ ಆಕಿ ಉದ್ದ ಕೂದಲ ಭಾಳ ಸೇರ್ತಿತ್ತಂತ. ಆಕಿ ಅದನ್ನ ಟ್ರಂಕಿನಾಗ ಮುಚ್ಚಿ ಇಟ್ಟಿದ್ರ ಇವತ್ತ ಇಂಡಿ ಊರಾಗ ಕೂತ ನಾ ಅದನ್ನ ನೋಡ್ತಿದ್ದಿಲ್ಲ. ನಮ್ಮಕ್ಕ ಗಂಡನ ಮನಿ ಬಿಟ್ಟು ಬಂದಾಗ ನಾ ಆಕಿಗೆ ಆ ಚಿತ್ರ ತೋರಿಸಿದ್ದೆ. ಭಾಳ ಹೊತ್ತು ನೋಡಿದ್ಲು, ಏನೂ ಮಾತಾಡಲಿಲ್ಲ, ಫೋನ್ ವಾಪಸ್ ಕೊಡೋವಾಗ ಈಕಿ ಕತ್ತರಿ ಇನ್ನೂ ಕೆಳಗ ಇಟ್ಟಿಲ್ಲ ನೋಡು ಅಂದ್ಲು.

ಅದೇ ವರ್ಷ ಡಿಸೆಂಬರ್ 8ಕ್ಕ ಅವರಿಬ್ಬರೂ ಮತ್ತ ಮದುವಿ ಆದ್ರು, ಅದೂ ಖರೇ. 1941ರ ಚಿತ್ರದಾಗ ಕೂದಲ ಮತ್ತ ತಲಿ ಮ್ಯಾಲ ಹೆಣದು ಕೂತದ. ಆದ್ರ ಆ ಹೆಣಿಕಿ ನೋಡಿದ್ರ ಕತ್ತರಿಸಿದ್ದನ್ನೇ ಆರಿಸಿ ತಂದು ಕಟ್ಟಿದಂಗ ಕಾಣ್ತದ ನನಗ, ತಾನಾಗಿ ಬೆಳದ ಕೂದಲ ಥರ ಇಲ್ಲ.

ಚನ್ನಮ್ಮನ ಹಾದಿ, ಕಿತ್ತೂರು

ನಿಮ್ಮಕ್ಕ ನೋಡಿದ್ಲು ಅಂದ್ರಲ್ಲ, ಆ ಮಾತಿಗೆ ನನ್ನ ಕಡೆ ಉತ್ತರ ಇಲ್ಲ ತಮ್ಮಾ. ಆದ್ರ ಫ್ರೀಡಾ ನಮ್ಮ ಓಣಿಯಾಗ ಇದ್ದಿದ್ದಿಲ್ಲ. ಮಳೆಬಣ್ಣ ನಾಳೆ ಬೆಳಿಗ್ಗೆ ಅದೇ ಸಾಲಿಗೆ ಹೋಗಬೇಕು, ಅದೇ ಅಂಗಡಿಗೆ ಕೊತ್ತಂಬರಿ ತರಾಕ ಹೋಗಬೇಕು. ತೋರಿಸೋದಾದ್ರ ಆಕಿ ತಯಾರಾದಾಗ ತೋರಿಸಲಿ, ನಾವು ದೂಡೋದು ಬ್ಯಾಡ. ಮತ್ತ ಮುಂಕ್ ಮಾಡಿದಂಗ ಇನ್ನೊಬ್ಬರ ಮುಖಾನೂ ಚಿತ್ರದಾಗ ಎಳದು ತಂದು ಕೊಯ್ಯೋದು ಸರಿ ಅಲ್ಲ ಅಂತೀನಿ ನಾ. ನಿಮ್ಮ ಮುಖ ನಿಮ್ಮ ಹಕ್ಕು. ಅವರ ಮುಖ ಅಲ್ಲ.

ಖಾನಾಪುರ ರಸ್ತಾ, ಬೆಳಗಾವಿ

ಇಬ್ಬರದೂ ಸರಿ ಅಂತ ಹೇಳಿ ಜಾರಿಕೊಳ್ಳಂಗಿಲ್ಲ ನಾ. ನನ್ನ ಅಭಿಪ್ರಾಯ ಚನ್ನಮ್ಮನ ಹಾದಿ ಕಡೆ. ಬಣ್ಣ ಪೂರಾ ಒಣಗಾಕನ ಆರು ತಿಂಗಳು ಬೇಕು ಎಣ್ಣಿ ಚಿತ್ರಕ್ಕ, ಅಲ್ಲೀತನಕ ವಾರ್ನಿಶ್ ಹಚ್ಚಂಗಿಲ್ಲ. ಅಷ್ಟು ದಿನ ಚಿತ್ರ ಮನಿಯಾಗ ಇರ್ಲಿ. ಗೋಡಿ ಕಡೆ ಹೊರಳಿಸಬ್ಯಾಡ ಈ ಸಲ, ಬರೋ ಹೋಗೋವಾಗ ಕಣ್ಣಿಗೆ ಬೀಳೋ ಕಡೆ ಇಡು.

ಕೆಲಸದ ಮಾತು ಎರಡು. ಕೊರಳಿನ ಗೆರಿ ಬಿಳಿ ಬಣ್ಣದಾಗ ಎಳಿಯಬ್ಯಾಡ, ಸೀಮೆಸುಣ್ಣದ ಗೆರಿ ಆಗ್ತೈತಿ. ಚರ್ಮದ ಬಣ್ಣಕ್ಕ ಒಂದೇ ಒಂದು ಚೂರು ತಿಳಿ ಮಾಡು, ಸ್ವಲ್ಪ ತಂಪು ಮಾಡು, ಅಂಚು ಮೆತ್ತಗ ಕಳಿ. ನೋಡಾವ್ನು ಮೊದಲ ನಿನ್ನ ಕಣ್ಣು ನೋಡಬೇಕು, ಆಮ್ಯಾಲ ಎಲ್ಲೋ ಒಂದ ಗಳಿಗಿ ಆದಮ್ಯಾಲ ಅದು ಕಾಣಬೇಕು. ಕಿಡಕಿ ಬೆಳಕು ಬಾಜೂದಿಂದ ಬರಲಿ, ಎದುರಿನಿಂದ ಬಂದ್ರ ಆ ಗೆರಿ ಮಾಯ ಆಗ್ತೈತಿ. ಎರಡನೇದು, ಕನ್ನಡಿಯಾಗಿನ ಸೀಳನ್ನೂ ಬರದಿ ಏನು?

ಮಳೆಬಣ್ಣ, ಬೆಳಗಾವಿ

ಸೀಳು ಬರದಿದ್ದೆ ಸರ್, ಆಮ್ಯಾಲ ಕೆರದು ತಗದೆ. ಅದನ್ನ ನೋಡಿದ ಕೂಡ್ಲೆ ಎಲ್ಲಾರೂ ಓ ಒಡದ ಕನ್ನಡಿ ಅಂತ ಹೇಳಿ ಮುಂದ ಹೋಗಿಬಿಡ್ತಾರ ಅನಿಸ್ತು. ಕೊರಳಿನದು ಸಾಕು.

ಅವರ ಮುಖ ಎಲ್ಲೂ ಇಲ್ಲ, ತರಂಗೂ ಇಲ್ಲ. ಪ್ರದರ್ಶನದ ವಿಚಾರ ಈಗ ಬ್ಯಾಡ ಅಂತ ಮಾಡೀನಿ, ಅಕ್ಕಾ ನಿಮ್ಮ ಮಾತು ಎದಿಗೆ ನಾಟೈತಿ, ಇಂಡಿ ಅಣ್ಣಾರ ಅಕ್ಕಗೂ ನನ್ನ ನಮಸ್ಕಾರ ಹೇಳ್ರಿ, ಎಂದರ ಬೆಳಗಾವಿ ಕಡೆ ಬಂದ್ರ ಮನಿಗೆ ಕರಕೊಂಡು ಬರ್ರಿ, ಆಕಿಗೆ ತೋರಿಸ್ತೀನಿ.

ಈ ಐದನೇದ್ರಾಗ ನಾ ಅಳಾಕತ್ತಿಲ್ಲ. ನಗಾಕೂ ಹತ್ತಿಲ್ಲ. ಸ್ವೆಟರ್ ಹಾಕ್ಕೊಂಡೀನಿ, ಸಾಲಿಗೆ ಹಾಕ್ಕೊಂಡು ಹೋಗೋದು, ತೋಳಿಗೆ ಸುಣ್ಣದ ಪುಡಿ ಹತ್ತೇತಿ, ಅದನ್ನೂ ಬರದೀನಿ. ನಿನ್ನೆ ಅವ್ವ ಚಾ ತಂದು ಕೊಟ್ಟು ಹಿಂದ ನಿಂತ್ಲು, ಭಾಳ ಹೊತ್ತು ನಿಂತ್ಲು. ಕೊರಳಿಗೆ ಬೆಳಕು ಕಡಿಮಿ ಆಗೈತಿ ಅಂತ ತಾನ ಹೋಗಿ ಕಿಡಕಿ ಇನ್ನೊಂದು ಬಾಗಲ ತಗದ್ಲು.

ಎಡಗಡೆ ಕಿವಿ, ಕೂದಲಿನ ಅಂಚು ಉಳದಾವ. ನಾಳೆ ರಜಾ ಐತಿ, ಮೋಡ ಇಲ್ಲ ಅಂದ್ರ ಹತ್ತು ಗಂಟಿ ಬೆಳಕಿಗೆ ಕೂಡ್ತೀನಿ.